ಪ್ರತಿಕ್ರಿಯೆ: ಚಿಕ್ಕಮಗಳೂರಲ್ಲಿ ಸಂಜೆ ಬಸ್ಸು ಬೇಕಾದರೆ ಯಾರನ್ನು ಕೇಳಬೇಕು?

ಬಡಾವಣೆಗೆ ಸಂಜೆ ಏಳರ ಮೇಲೆ ಬಸ್ಸಿಲ್ಲ, ಕೇಳಿದರೆ ನಗರಸಭೆ ಸದಸ್ಯರು ದುಡ್ಡಿಲ್ಲ ಅನ್ನುತ್ತಾರೆ, ತಂಗುದಾಣ ಕಟ್ಟೋಕೆ ಮಾತ್ರ ದುಡ್ಡು ಎಲ್ಲಿಂದ ಬಂತು ಅಂತ ಕೇಳಿದ್ದೀರಿ. ನಿಮ್ಮ ಸಿಟ್ಟು ಸರಿ, ಆದರೆ ತಟ್ಟಿದ ಬಾಗಿಲು ಬೇರೆ.

ನಗರಸಭೆ ಬಸ್ಸು ಓಡಿಸುವುದಿಲ್ಲ. ತಂಗುದಾಣ, ಬೀದಿದೀಪ, ಫುಟ್‌ಪಾತ್ ಅವರ ಕೆಲಸ. ಶಂಕುಸ್ಥಾಪನೆಗೆ ಕಲ್ಲು ನೆಡೋಕೂ ಅದೇ ಅನುಕೂಲ ಅನ್ನಿ! ಸರ್ಕಾರಿ ಬಸ್ಸಿನ ಮಾರ್ಗ, ಸಮಯ ತೀರ್ಮಾನವಾಗುವುದು ಕೆಎಸ್ಸಾರ್ಟಿಸಿಯ ಚಿಕ್ಕಮಗಳೂರು ವಿಭಾಗದಲ್ಲಿ. ಖಾಸಗಿ ಬಸ್ಸಾದರೆ ಪರ್ಮಿಟ್ ಕೊಡುವುದು ಪ್ರಾದೇಶಿಕ ಸಾರಿಗೆ ಪ್ರಾಧಿಕಾರ, ಅದಕ್ಕೆ ಜಿಲ್ಲಾಧಿಕಾರಿಗಳೇ ಅಧ್ಯಕ್ಷರು.

ಅರ್ಜಿಯಲ್ಲಿ ಹೊಸ ಬಸ್ಸು ಕೇಳಬೇಡಿ. ಬಸ್ಸು, ಡ್ರೈವರ್, ಕಂಡಕ್ಟರ್ ಎಲ್ಲಾ ಹೊಂದಿಸಬೇಕು ಅಂತ ಫೈಲು ಅಲ್ಲೇ ಮಲಗುತ್ತದೆ. ಈಗ ಹನುಮಂತಪ್ಪ ವೃತ್ತದ ತನಕ ಬರುವ ಯಾವುದಾದರೂ ಸಂಜೆ ಟ್ರಿಪ್ಪನ್ನು ನಿಮ್ಮ ಕಡೆಗೆ ಮುಂದುವರಿಸಿ ಅಂತ ಕೇಳಿ. ಖರ್ಚು ಕಮ್ಮಿ, ಒಪ್ಪೋದು ಸುಲಭ. ಅಂಗಡಿ ಮುಚ್ಚಿ ಬರುವವರು, ಟ್ಯೂಷನ್ ಮಕ್ಕಳು ಎಷ್ಟು ಜನ ಅಂತ ಸಹಿ ಸಮೇತ ಬರೆದು ಡಿಪೋ ಮ್ಯಾನೇಜರಿಗೂ ಒಂದು ಪ್ರತಿ ಕೊಡಿ.

ಇನ್ನೊಂದು ವಿಷಯ. 2023ರ ಜೂನ್ 11ರಿಂದ ಶಕ್ತಿ ಯೋಜನೆ ಇದೆ, ಹೆಂಗಸರಿಗೆ ಟಿಕೆಟ್ ದುಡ್ಡಿಲ್ಲ. ಹಾಗಂತ ಟಿಕೆಟ್ಟೇ ಬೇಡ ಅಂತ ಇಳಿದುಬಿಡಬಾರದು. ಮೆಷಿನ್ನಿಂದ ಬರುವ ಆ ಶೂನ್ಯ ಟಿಕೆಟ್ಟಿನ ಲೆಕ್ಕದ ಮೇಲೇ ನಿಗಮ ಸರ್ಕಾರದಿಂದ ದುಡ್ಡು ಕೇಳುವುದು. ಚೀಟಿ ಹರಿಯದಿದ್ದರೆ ಲೆಕ್ಕದಲ್ಲಿ ಬಸ್ಸು ಖಾಲಿ, ಆಮೇಲೆ ಆ ಟ್ರಿಪ್ಪಿಗೇ ಕತ್ತರಿ ಬೀಳಬಹುದು.

ಉತ್ತರವೇ ಬರದಿದ್ದರೆ 10 ರೂಪಾಯಿ ಕೊಟ್ಟು ಮಾಹಿತಿ ಹಕ್ಕಿನಲ್ಲಿ ಅರ್ಜಿಯ ಗತಿ ಏನಾಯಿತು ಅಂತ ಕೇಳಿ. 30 ದಿನದೊಳಗೆ ಹೇಳಲೇಬೇಕು.