ಮೈದುನನ ಎಸ್‌ಪಿಎಸ್‌ಎಸ್, ಅತ್ತೆಯ ಮೆಟ್ಟುಗತ್ತಿ

ತೀರ್ಥಹಳ್ಳಿ ಕಡೆಯ ಶಿಕ್ಷಕಿಯೊಬ್ಬರು ಐದು ಪುಟದ ಪತ್ರ ಬರೆದಿದ್ದಾರೆ. ಅದರಲ್ಲಿ ಮೂರೂವರೆ ಪುಟ ಅತ್ತೆಗೇ ಮೀಸಲು. ವಯಸ್ಸು 37, ಸರ್ಕಾರಿ ಪ್ರಾಥಮಿಕ ಶಾಲೆಯಲ್ಲಿ ಕೆಲಸ, ಶಿಕ್ಷಣ ವಿಭಾಗದಲ್ಲಿ ಪಾರ್ಟ್‌ಟೈಮ್ ಪಿಎಚ್.ಡಿ.ಗೆ ಸೀಟು ಸಿಕ್ಕಿದೆ. ಮಕ್ಕಳ ಕಲಿಕೆಯನ್ನು ಸಮಾಜ-ಸಾಂಸ್ಕೃತಿಕ ಮನೋವಿಜ್ಞಾನದ ಕಣ್ಣಲ್ಲಿ, ಅಂದರೆ ಸುತ್ತಲ ಜನ ಮತ್ತು ಕೆಲಸದ ಜೊತೆಗಿಟ್ಟು, ನೋಡುವ ಆಸೆ. ಗೈಡ್ ಮಾತ್ರ ‘ಆತ್ಮವಿಶ್ವಾಸ ಮತ್ತು ಶೈಕ್ಷಣಿಕ ಸಾಧನೆ’ ತಗೊಳ್ಳಿ, 600 ಮಕ್ಕಳಿಂದ ಪ್ರಶ್ನಾವಳಿ ತುಂಬಿಸಿ ಎಂದಿದ್ದಾರೆ. ‘ಅಡಿಕೆ ಸುಲಿತದ ಕಾಲದಲ್ಲಿ ಪುಸ್ತಕ ಹಿಡಿದು ಕೂತರೆ ಚಾ ಕಾಸೋರು ಯಾರು’ ಎನ್ನುವುದು ಅತ್ತೆಯ ತಕರಾರು. ಸೇರಲೋ, ಬಿಡಲೋ?

ತಂಗೀ, ನಾಲ್ಕನೇ ಪುಟದ ಕೊನೆಗೆ ನೀವೊಂದು ಸಾಲು ಬರೆದಿದ್ದೀರಿ: ‘ಅಂಗಳದಲ್ಲಿ ಕಂಡದ್ದನ್ನು ಸುಮ್ಮನೆ ಬರೆದಿಟ್ಟು ಎರಡು ನೋಟ್‌ಬುಕ್ ತುಂಬಿದೆ, ಅದೇನು ರಿಸರ್ಚ್ ಅಲ್ಲ ಬಿಡಿ.’ ಯಾಕೆ ಬಿಡಬೇಕು? ಅಡಿಕೆ ಅಳೆಯುವ ಡಬ್ಬಕ್ಕೆ 45 ರೂಪಾಯಿಯಂತೆ ಏಳು ಡಬ್ಬಕ್ಕೆ ಎಷ್ಟಾಯಿತೆಂದು ಅತ್ತೆ ಕೇಳಿದಾಗ ಪಕ್ಕದ ಮನೆಯ ಹುಡುಗ ‘ಹತ್ತಕ್ಕೆ ನಾನೂರೈವತ್ತು, ಮೂರರದ್ದು ನೂರಮೂವತ್ತೈದು ಕಳಿ, ಮುನ್ನೂರ ಹದಿನೈದು’ ಅಂದನಂತೆ. ಅದೇ ಹುಡುಗ ನಿಮ್ಮ ಐದನೇ ತರಗತಿಯ ಬೋರ್ಡಿನ ಮುಂದೆ 45 ಗುಣಿಸು 7ಕ್ಕೆ ತಡವರಿಸಿ ನಿಂತ. ನಿಮ್ಮ ಪಿಎಚ್.ಡಿ. ಇದೇ.

1985ರಲ್ಲಿ ಸಂಶೋಧಕರಾದ ಕರಾಹರ್ ದಂಪತಿ ಮತ್ತು ಶ್ಲೀಮನ್ ಬ್ರೆಜಿಲ್‌ನ ರೆಸಿಫೆಯಲ್ಲಿ ಬೀದಿ ವ್ಯಾಪಾರ ಮಾಡುವ ಮಕ್ಕಳ ಲೆಕ್ಕವನ್ನು ಹೀಗೇ ನೋಡಿದರು. ವ್ಯಾಪಾರದ ಜಾಗದಲ್ಲಿ ಕೇಳಿದಾಗ 98.2% ಸರಿ, ಅಂಥವೇ ಲೆಕ್ಕವನ್ನು ಬರಿಯ ಅಂಕಿಗಳಾಗಿ ಕೊಟ್ಟಾಗ 36.8%. ಎಷ್ಟು ಮಕ್ಕಳು ಗೊತ್ತೇ? ಐದು. ಆರುನೂರಲ್ಲ, ಐದು.

ಪ್ರಶ್ನಾವಳಿಗೆ ಇದು ದಕ್ಕುವುದಿಲ್ಲ. ಅದು ಮಗುವನ್ನು ಒಂಟಿಯಾಗಿ ಕೂರಿಸಿ ಅಳೆಯುತ್ತದೆ. ರಷ್ಯಾದ ಮನೋವಿಜ್ಞಾನಿ ವೈಗಾಟ್‌ಸ್ಕಿ ನೋಡಿದ್ದು, ಬಲ್ಲವರು ಜೊತೆಗಿದ್ದಾಗ ಮಗು ಎಲ್ಲಿಯವರೆಗೆ ಹೋಗಬಲ್ಲದು ಎಂಬುದನ್ನು. ನಿಮ್ಮ ಅಂಗಳದ ಬಲ್ಲವರು ಯಾರು? ನೀವು ಮೂರೂವರೆ ಪುಟ ಬೈದ ಅತ್ತೆ! ಮೊದಲು ಹಣ್ಣಡಿಕೆ ಆರಿಸಿ ಬೇರೆ ಇಡೋದು, ಆಮೇಲೆ ಡಬ್ಬ ಅಳೆಯೋದು, ಸುಲಿಯುವ ಮೆಟ್ಟುಗತ್ತಿ ಮುಟ್ಟೋದು ಎಷ್ಟೋ ವರ್ಷದ ಮೇಲೆ. ಈ ಕ್ರಮವನ್ನು ಹಾಕಿಕೊಟ್ಟವರು ಅವರು, ಬರೆದವರು ನೀವು. ಕಲಿಕೆಯ ಸಂಶೋಧಕರಾದ ಲೇವ್ ಮತ್ತು ವೆಂಗರ್ 1991ರಲ್ಲಿ ಒಂದು ಪುಸ್ತಕವನ್ನೇ ಬರೆದದ್ದು ಇಂಥ ಅಂಚಿನಿಂದ ಒಳಗೆ ಬರುವ ಕಲಿಕೆಯ ಮೇಲೆ. ಚಾ ವಿಷಯದಲ್ಲೂ ಅತ್ತೆ ಕೇಳಿದ್ದು ತಪ್ಪಲ್ಲ. ಅದನ್ನು ಗಂಡನಿಗೆ ವಹಿಸಿ.

ನನ್ನ ಸಿಟ್ಟೆಲ್ಲ ಬೆಂಗಳೂರಿನ ಮೈದುನನ ಮೇಲೆ. ‘ಫಾರಂ ತುಂಬಿಸಿ ಕಳಿಸಿ ಅತ್ತಿಗೆ, ಎಸ್‌ಪಿಎಸ್‌ಎಸ್ ನಾನು ಓಡಿಸಿ ಕೊಡ್ತೀನಿ, ಆರು ತಿಂಗಳಲ್ಲಿ ಮುಗಿಯುತ್ತೆ’ ಅನ್ನುತ್ತಾನಂತೆ. ಎಸ್‌ಪಿಎಸ್‌ಎಸ್ ಅಂದರೆ ಅಂಕಿ-ಅಂಶ ವಿಶ್ಲೇಷಿಸುವ ಸಾಫ್ಟ್‌ವೇರ್. ಅಂಕಿ-ಅಂಶಕ್ಕೆ ಯಾವ ಪರೀಕ್ಷೆ ಹಚ್ಚಿದಿರಿ, ಯಾಕೆ ಎಂದು ವೈವಾದಲ್ಲಿ, ಅಂದರೆ ಕೊನೆಯ ಮೌಖಿಕ ಪರೀಕ್ಷೆಯಲ್ಲಿ, ಕೇಳಿದಾಗ ಉತ್ತರ ಕೊಡಲು ಅವನು ಬರುತ್ತಾನೆಯೇ? ಗೈಡ್ ಪಾಪ, ತಾನು ಕಲಿತ ಅಚ್ಚನ್ನೇ ನಿಮಗೂ ಕೊಡುತ್ತಿದ್ದಾರೆ. ಅವರ ನಿವೃತ್ತಿಗೆ ಎಷ್ಟು ವರ್ಷ ಇದೆ ಎಂದು ಮಾತ್ರ ವಿಚಾರಿಸಿ. ಮೂರಕ್ಕಿಂತ ಕಡಿಮೆಯಿದ್ದರೆ 2022ರ ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) ನಿಯಮದಂತೆ ಅವರು ಹೊಸಬರನ್ನು ತೆಗೆದುಕೊಳ್ಳುವಂತಿಲ್ಲ.

ಹಾಗಾಗಿ ಇಷ್ಟೇ: ಆ ಪ್ರಶ್ನಾವಳಿಯ ಸಿನಾಪ್ಸಿಸ್‌ಗೆ (ಸಂಶೋಧನೆಯ ರೂಪುರೇಷೆಗೆ) ಸಹಿ ಹಾಕಬೇಡಿ. ನೋಟ್‌ಬುಕ್ಕಿನ ಒಂದೇ ಸಂಜೆಯನ್ನು ನಾಲ್ಕು ಪುಟಕ್ಕೆ ಟೈಪ್ ಮಾಡಿ ಗೈಡ್ ಮುಂದೆ ಇಡಿ. ಎಡಗಡೆ ಕಂಡದ್ದು: ಹೊತ್ತು, ಯಾರು ಎಲ್ಲಿ ಕೂತಿದ್ದರು, ಕೈಯಲ್ಲೇನಿತ್ತು, ಮಾತು ಆಡಿದ ಹಾಗೇ, ‘ಕಳಿ’ಯನ್ನು ‘ವ್ಯವಕಲನ’ ಮಾಡದೆ. ಬಲಗಡೆ ನಿಮ್ಮ ಊಹೆ. ಎರಡೂ ಬೆರೆತರೆ ಮೂರು ವರ್ಷದ ಮೇಲೆ ಯಾವುದು ಹುಡುಗನ ಮಾತು, ಯಾವುದು ನಿಮ್ಮದು ಎಂದು ನಿಮಗೇ ತಿಳಿಯುವುದಿಲ್ಲ. ಗೈಡ್ ಒಪ್ಪದಿದ್ದರೆ ಗುಣಾತ್ಮಕ ಸಂಶೋಧನೆ (ಅಂಕಿಗಿಂತ ಕಂಡದ್ದು, ಕೇಳಿದ್ದನ್ನು ಆಧರಿಸಿದ್ದು) ಬಲ್ಲ ಸಹ-ಮಾರ್ಗದರ್ಶಕರನ್ನು ಕೇಳಿ.

ಪ್ರಬಂಧಕ್ಕೆ ನಿಮ್ಮ ತರಗತಿಯ ಮಕ್ಕಳು ಬೇಡ, ಅಂಕ ಕೊಡುವವರು ನೀವೇ ಆದರೆ ಅವರು ‘ಇಲ್ಲ’ ಎನ್ನಲಾರರು. ಬೇರೆ ಶಾಲೆಯ ಆರೇಳು ಮಕ್ಕಳು ಸಾಕು. ತಂದೆ-ತಾಯಿಯ ಸಹಿ ಬೇಕು, ಮಗುವಿನ ಒಪ್ಪಿಗೆಯೂ. ಒಂದು ಗಂಟೆಯ ರೆಕಾರ್ಡಿಂಗ್ ಅಕ್ಷರಕ್ಕಿಳಿಸಲು ನಾಲ್ಕೈದು ಗಂಟೆ ಹಿಡಿಯುತ್ತದೆ, ವಾರಕ್ಕೆ ಒಂದೇ ಮಾಡಿ. ನಿಯಮದ ಗರಿಷ್ಠ ಅವಧಿ ಆರು ವರ್ಷ, ಮಹಿಳೆಯರಿಗೆ ಇನ್ನೆರಡು ಸಿಗಬಹುದು. ನಿಮ್ಮ ಲೆಕ್ಕದಲ್ಲಿ ಅದು ಆರು ಸುಲಿತ, ಅದರಲ್ಲಿ ಮೊದಲನೆಯದು ಕೋರ್ಸ್‌ವರ್ಕಿಗೆ, ಅಂದರೆ ಆರಂಭದ ಪಾಠಗಳಿಗೆ, ಹೋಗುತ್ತದೆ. ಇಲಾಖೆಯ ನಿರಾಕ್ಷೇಪಣಾ ಪತ್ರಕ್ಕೆ ಈ ವಾರವೇ ಅರ್ಜಿ ಹಾಕಿ.