ಬಣ್ಣ ಹಚ್ಚದೆ ಬಿಟ್ಟ ಜಾಗದಲ್ಲಿ ಏನು ನೋಡಬೇಕು?

ಪ್ರಶ್ನೆ: ಫ್ರಾನ್ಸಿನ ಚಿತ್ರಕಾರ ಪಾಲ್ ಸೆಜಾನ್ ಬರೆದ ಗಾರ್ಡಾನ್ ಎಂಬ ಊರಿನ ಚಿತ್ರವನ್ನು ನ್ಯೂಯಾರ್ಕಿನ ಬ್ರೂಕ್ಲಿನ್ ಮ್ಯೂಸಿಯಂ ಜಾಲತಾಣದಲ್ಲಿ ನೋಡಿದೆ. ಮನೆಗಳು ಬರೀ ಡಬ್ಬಗಳಂತಿವೆ, ಜನರೇ ಇಲ್ಲ. ಅಲ್ಲಲ್ಲಿ ಬಣ್ಣವನ್ನೇ ಹಚ್ಚಿಲ್ಲ. ಅರ್ಧಕ್ಕೆ ನಿಂತ ಚಿತ್ರಕ್ಕೆ ಇಷ್ಟು ದೊಡ್ಡ ಹೆಸರು ಯಾಕೆ?
– ಓದುಗರು, ಧಾರವಾಡ

ಉತ್ತರ: ಅರ್ಧಕ್ಕೆ ನಿಂತದ್ದು ನಿಜ. ನನ್ನ ಮಟ್ಟಿಗೆ ಅದೇ ನಮಗೆ ಲಾಭ. ಪೂರ್ತಿಯಾದ ಚಿತ್ರದಲ್ಲಿ ಮುಚ್ಚಿಹೋಗುವ ಕೆಲಸವೆಲ್ಲ ಇಲ್ಲಿ ಕಣ್ಣಿಗೆ ಬೀಳುತ್ತದೆ.

ಗಾರ್ಡಾನ್ ದಕ್ಷಿಣ ಫ್ರಾನ್ಸಿನ ಗುಡ್ಡದ ಮೇಲಿನ ಊರು, ಸೆಜಾನ್ ಹುಟ್ಟಿದ ಎಕ್ಸ್ ಪಟ್ಟಣಕ್ಕೆ ಹತ್ತಿರ. 1885–86ರಲ್ಲಿ ಅವನು ಸಂಗಾತಿ ಒರ್ತಾನ್ಸ್ ಮತ್ತು ಮಗನ ಜತೆ ಅಲ್ಲಿದ್ದ. ಆಗ ಬರೆದ ಈ ಊರಿನ ಇನ್ನೊಂದು ಚಿತ್ರ ನ್ಯೂಯಾರ್ಕಿನದೇ ಮೆಟ್ರೊಪಾಲಿಟನ್ ಮ್ಯೂಸಿಯಂನಲ್ಲಿದೆ. ಅದೂ ಪೂರ್ತಿಯಾಗಿಲ್ಲ.

ಈಗ ಒಂದು ಮನೆಯನ್ನು ದೊಡ್ಡದು ಮಾಡಿ ನೋಡಿ. ಮೊದಲು ಕ್ರೇಯಾನ್‌ನಲ್ಲಿ ಗೆರೆ ಎಳೆದಿದ್ದಾನೆ. ಆಮೇಲೆ ಗೋಡೆಗೆ ಬಣ್ಣ. ಬಿಸಿಲಿನ ಕಡೆಗೆ ಕೆನೆ, ಹಳದಿ. ಆಚೆ ತಿರುಗಿದ ಕಡೆಗೆ ನೀಲಿ ಬೆರೆತ ಬೂದು. ನೆರಳು ಅಂತ ಸುಮ್ನೆ ಕಪ್ಪು ಬಳಿದಿಲ್ಲ. ಹಳದಿಯಂಥ ಬಿಸಿ ಬಣ್ಣ ಕಣ್ಣಿಗೆ ಮುಂದೆ ಬಂದಂತೆ ಕಾಣುತ್ತದೆ, ನೀಲಿಯಂಥ ತಣ್ಣನೆಯದು ಹಿಂದೆ ಸರಿದಂತೆ. ಅಷ್ಟರಲ್ಲೇ ಮನೆಗೆ ಮೂಲೆ ಬಂತು. ಅದಕ್ಕೆ ಕಿಟಕಿ, ಬಾಗಿಲುಗಳ ನೆರವು ಬೇಕಾಗಲಿಲ್ಲ. ಜನರಂತೂ ಅವನ ಊರು, ಬೆಟ್ಟಗಳ ಚಿತ್ರಗಳಲ್ಲಿ ಸಿಗುವುದೇ ಅಪರೂಪ.

ಹೀಗೆ ಬಣ್ಣದಿಂದಲೇ ಕಟ್ಟುವಾಗ ಒಂದು ತೊಂದರೆ ಇದೆ. ಒಂದು ಕಡೆ ತಪ್ಪಿದರೆ ಪಕ್ಕದ್ದೆಲ್ಲ ಬದಲಾಗಬೇಕು. ಚಿತ್ರ ವ್ಯಾಪಾರಿ ವೊಲಾರ್ ಹೇಳಿದ ಕತೆ ಕೇಳಿ. 1899ರಲ್ಲಿ ತನ್ನ ಭಾವಚಿತ್ರಕ್ಕಾಗಿ ಅವನು 115 ಸಲ ಸೆಜಾನ್ ಎದುರು ಕೂತಿದ್ದನಂತೆ. ಕೊನೆಗೂ ಕೈ ಮೇಲೆ ಎರಡು ಚುಕ್ಕೆಯಷ್ಟು ಜಾಗ ಖಾಲಿ ಉಳಿಯಿತು. ಕೇಳಿದರೆ ಸೆಜಾನ್, ಅಲ್ಲಿ ಏನೋ ಒಂದು ಬಣ್ಣ ಹಚ್ಚಿಬಿಟ್ಟರೆ ಇಡೀ ಚಿತ್ರವನ್ನು ಆ ಜಾಗದಿಂದ ಮತ್ತೆ ಶುರು ಮಾಡಬೇಕಾಗುತ್ತದೆ ಅಂದನಂತೆ. ಗಾರ್ಡಾನ್ ಚಿತ್ರದ ಖಾಲಿ ಜಾಗವನ್ನೂ ನಾನು ಹಾಗೇ ನೋಡುತ್ತೇನೆ. ಸರಿಯಾದ ಬಣ್ಣ ಹೊಳೆಯುವವರೆಗೆ ಹಚ್ಚದಿರುವುದು ಅವನ ಜಾಯಮಾನ. ಸೋಮಾರಿತನ ಖಂಡಿತ ಅಲ್ಲ.

ಇನ್ನು ಡಬ್ಬದಂಥ ಮನೆಗಳು. 1908ರಲ್ಲಿ ಬ್ರಾಕ್ ಎಂಬ ಯುವ ಕಲಾವಿದ, ಸೆಜಾನ್ ಹಿಂದೆ ಚಿತ್ರ ಬರೆದಿದ್ದ ಲೆಸ್ತಾಕ್ ಎಂಬ ಕಡಲ ತೀರದ ಊರಿಗೇ ಹೋಗಿ ಮನೆಗಳನ್ನು ಬರೆದ. ಅವನ್ನು ನೋಡಿದ ವಿಮರ್ಶಕನೊಬ್ಬ ಎಲ್ಲವನ್ನೂ ಘನಗಳಾಗಿ (ಕ್ಯೂಬ್) ಮಾಡಿದ್ದಾನೆ ಅಂತ ಆಡಿಕೊಂಡ. ವಸ್ತುಗಳನ್ನು ಮೂಲೆ, ಮುಖಗಳಾಗಿ ಒಡೆದು ಬರೆಯುವ ಕಲಾಪಂಥಕ್ಕೆ ಕ್ಯೂಬಿಸಂ ಎಂಬ ಹೆಸರು ಹುಟ್ಟಿದ್ದು ಅಲ್ಲಿಂದ. ಬ್ರಾಕ್‌ನ ಆ ಮನೆಗಳನ್ನು ಗಾರ್ಡಾನ್ ಪಕ್ಕದಲ್ಲಿಟ್ಟು ನೋಡಿ. ನಂಟು ತಾನಾಗೇ ಗೊತ್ತಾಗುತ್ತದೆ.