ವಿಟಮಿನ್ ಡಿ ಮಾತ್ರೆ ಬಿಸಿಲಿನ ಕೆಲಸ ಮಾಡುತ್ತದೆಯೇ?

ದಿನವಿಡೀ ಒಳಗೇ ಕೂತು ಕೆಲಸ ಮಾಡುತ್ತೀರಿ, ಮನಸ್ಸು ಮಂಕಾಗಿರುತ್ತದೆ, ಹೊರಗೆ ಹೋಗುವ ಬದಲು ವಿಟಮಿನ್ ಡಿ ಮಾತ್ರೆ ನುಂಗಿದರೆ ಸಾಕಾ ಎಂದು ಕೇಳಿದ್ದೀರಿ. ಸಾಕಾಗುವುದಿಲ್ಲ. ರಕ್ತ ಪರೀಕ್ಷೆಯಲ್ಲಿ ಕೊರತೆ ಕಂಡಿದ್ದರೆ ಮಾತ್ರೆ ಖಂಡಿತ ತಗೊಳ್ಳಿ, ಮೂಳೆಗೆ ಅದು ಬೇಕೇ ಬೇಕು. ಆದರೆ ಮನಸ್ಸಿನ ವಿಷಯ ಬೇರೆ. 18 ಸಾವಿರಕ್ಕೂ ಹೆಚ್ಚು ಜನರ ಮೇಲೆ ಅಮೆರಿಕದಲ್ಲಿ ನಡೆದ ದೊಡ್ಡ ಪ್ರಯೋಗವೊಂದರ ಫಲಿತಾಂಶ 2020ರಲ್ಲಿ ಬಂತು. ವರ್ಷಗಟ್ಟಲೆ ವಿಟಮಿನ್ ಡಿ ತಗೊಂಡವರಿಗೂ ಸುಮ್ನೆ ಔಷಧವಿಲ್ಲದ ಹುಸಿಮಾತ್ರೆ ತಗೊಂಡವರಿಗೂ ಖಿನ್ನತೆಯಲ್ಲಿ ವ್ಯತ್ಯಾಸ ಕಾಣಲಿಲ್ಲ.

ಬಿಸಿಲು ಮನಸ್ಸಿಗೆ ತಲುಪುವುದು ಹೆಚ್ಚಾಗಿ ಕಣ್ಣಿನ ಮೂಲಕ. ನಮ್ಮ ಕಣ್ಣಿನ ಹಿಂಬದಿಯ ಪದರವಾದ ಅಕ್ಷಿಪಟಲದಲ್ಲಿ ಮೆಲನಾಪ್ಸಿನ್ ಎಂಬ ವರ್ಣದ್ರವ್ಯ ಇರುವ ಕೆಲವು ಕೋಶಗಳಿವೆ. ಚಿತ್ರ ತೋರಿಸುವುದು ಅವುಗಳ ಮುಖ್ಯ ಕೆಲಸವಲ್ಲ. ಹೊರಗೆ ಎಷ್ಟು ಬೆಳಕಿದೆ ಎಂದು ಅಳೆದು ಮಿದುಳಿಗೆ ಹೇಳುತ್ತವೆ. ಪೂರ್ತಿ ಕುರುಡರಾದ ಕೆಲವರಲ್ಲೂ ಇವು ಕೆಲಸ ಮಾಡುತ್ತಿರುತ್ತವೆ ಎನ್ನುವುದು ನನಗೆ ಈಗಲೂ ಅಚ್ಚರಿ. ಆ ಸುದ್ದಿ ಹೋಗುವುದು ಮಿದುಳಿನೊಳಗಿನ ಗಡಿಯಾರಕ್ಕೆ. ನಿದ್ದೆ ಯಾವಾಗ, ಎಚ್ಚರ ಯಾವಾಗ, ರಾತ್ರಿಯಾಯಿತೆಂದು ದೇಹಕ್ಕೆ ಹೇಳುವ ಹಾರ್ಮೋನ್ ಮೆಲಟೋನಿನ್ ಯಾವಾಗ ಏರಬೇಕು ಎಂದು ನಡೆಸುವುದು ಇದೇ. ಹೆಚ್ಚಿನವರಲ್ಲಿ ಈ ಗಡಿಯಾರ 24 ಗಂಟೆಗಿಂತ ಸ್ವಲ್ಪ ನಿಧಾನ. ದಿನಾ ಬೆಳಗಿನ ಬೆಳಕು ಅದನ್ನು ಸರಿಯಾದ ಹೊತ್ತಿಗೆ ಎಳೆದು ತರುತ್ತದೆ. ಬೆಳಿಗ್ಗೆ ಬೆಳಕಿಲ್ಲ, ರಾತ್ರಿ ಹನ್ನೆರಡರವರೆಗೆ ಟ್ಯೂಬ್‌ಲೈಟ್ ಮತ್ತು ಮೊಬೈಲ್ ಅಂದರೆ ನಿದ್ದೆ ತಡವಾಗುತ್ತಾ ಹೋಗುತ್ತದೆ. ನಿದ್ದೆ ಕೆಟ್ಟರೆ ಮನಸ್ಸು ಹೇಗಿರುತ್ತದೆ ಎಂದು ನಿಮಗೇ ಗೊತ್ತು, ಅಲ್ವಾ?

"ನನ್ನ ರೂಮಲ್ಲಿ ಬೇಕಾದಷ್ಟು ಬೆಳಕಿದೆ" ಎಂದು ತುಂಬಾ ಜನ ಹೇಳುತ್ತಾರೆ. ಕಣ್ಣು ಹೊಂದಿಕೊಳ್ಳುವುದರಿಂದ ಹಾಗನಿಸುತ್ತದೆ. ಅಳೆದು ನೋಡಿದರೆ ಮನೆಯೊಳಗೆ ಸಾಮಾನ್ಯವಾಗಿ ಕೆಲವು ನೂರು ಲಕ್ಸ್ (ಬೆಳಕನ್ನು ಅಳೆಯುವ ಮಾನ) ಅಷ್ಟೇ. ಮೋಡ ಕವಿದ ದಿನವೂ ಹೊರಗೆ ಕೆಲವು ಸಾವಿರ ಇರುತ್ತದೆ. ಉರಿಬಿಸಿಲಲ್ಲಿ ಅದು 1 ಲಕ್ಷದವರೆಗೆ ಹೋಗುತ್ತದೆ. ಕಿಟಕಿ ಪಕ್ಕ ಕೂತರೆ ಏನೂ ಇಲ್ಲದ್ದಕ್ಕಿಂತ ವಾಸಿ, ಆದರೆ ಎರಡು ಹೆಜ್ಜೆ ಒಳಗೆ ಬಂದರೂ ಬೆಳಕು ಬೇಗ ಇಳಿದುಬಿಡುತ್ತದೆ.

ಚಳಿಗಾಲದಲ್ಲಿ ಹಗಲು ತೀರಾ ಚಿಕ್ಕದಾಗುವ ಕಡೆ ಕೆಲವರಿಗೆ ಪ್ರತಿ ವರ್ಷ ಅದೇ ಹೊತ್ತಿಗೆ ಖಿನ್ನತೆ ಬರುತ್ತದೆ. 1984ರಲ್ಲಿ ಮನೋವೈದ್ಯ ನಾರ್ಮನ್ ರೋಸೆಂತಾಲ್ ಮತ್ತು ಅವರ ಜೊತೆಗಾರರು ಇದನ್ನು ವಿವರಿಸಿ ಬರೆದರು. ಇದಕ್ಕೆ ಇಂದಿಗೂ ಬೆಳಿಗ್ಗೆ ಸುಮಾರು ಅರ್ಧ ಗಂಟೆ 10,000 ಲಕ್ಸ್ ದೀಪದ ಮುಂದೆ ಕೂರಿಸುವ ಚಿಕಿತ್ಸೆ ಇದೆ. ನನಗೆ ಇನ್ನೂ ಇಷ್ಟವಾದದ್ದು ಇಟಲಿಯ ಅಧ್ಯಯನವೊಂದು, 2001ರದ್ದು. ಮನಸ್ಸು ಒಮ್ಮೆ ಖಿನ್ನತೆಗೆ, ಒಮ್ಮೆ ಅತಿ ಉತ್ಸಾಹದ ಉನ್ಮಾದಕ್ಕೆ ಹೊರಳುವ ಬೈಪೋಲಾರ್ ಕಾಯಿಲೆಯ ಖಿನ್ನತೆಯಿಂದ ಆಸ್ಪತ್ರೆಗೆ ಸೇರಿದ್ದವರಲ್ಲಿ, ಬೆಳಗಿನ ಬಿಸಿಲು ಬೀಳುವ ಪೂರ್ವದ ಕೋಣೆಯಲ್ಲಿದ್ದವರು ಪಶ್ಚಿಮದ ಕೋಣೆಯವರಿಗಿಂತ ಸರಾಸರಿ ಮೂರು ದಿನಕ್ಕೂ ಹೆಚ್ಚು ಮೊದಲೇ ಮನೆಗೆ ಹೋಗಿದ್ದರು.

ನಾನು ಎದ್ದು ಸ್ವಲ್ಪ ಹೊತ್ತಿಗೆಲ್ಲ ಹೊರಗೆ ನಡೆಯಲು ಹೋಗುತ್ತೇನೆ. ನನಗೆ ಮೊದಲು ಗೊತ್ತಾದ ಬದಲಾವಣೆ ಖುಷಿ ಅಲ್ಲ, ರಾತ್ರಿ ಹೊತ್ತಿಗೆ ಸರಿಯಾಗಿ ನಿದ್ದೆ ಬರತೊಡಗಿದ್ದು. ನೀವೂ ಬೆಳಗಿನ ಮೊದಲ ಫೋನ್ ಕರೆಯನ್ನು ಹೊರಗೆ ನಡೆಯುತ್ತಾ ಮಾತಾಡಿ ನೋಡಿ. ಸೂರ್ಯನನ್ನು ನೇರವಾಗಿ ನೋಡಬೇಡಿ. ಮಧ್ಯಾಹ್ನದ ಸುಡುಬಿಸಿಲು ಇದಕ್ಕೆ ಬೇಕಿಲ್ಲ. ರಾತ್ರಿ ದೀಪ ಮಂದ ಮಾಡಿ.

ಬೈಪೋಲಾರ್ ಇರುವವರು ದೀಪದ ಚಿಕಿತ್ಸೆಯನ್ನು ತಾವಾಗಿಯೇ ಶುರು ಮಾಡಬಾರದು, ಮನಸ್ಸು ಉನ್ಮಾದದ ಕಡೆಗೆ ತಿರುಗುವ ಅಪಾಯವಿದೆ. ಅಕ್ಷಿಪಟಲದ ತೊಂದರೆ ಇರುವವರೂ ಮೊದಲು ವೈದ್ಯರನ್ನು ಕೇಳಬೇಕು. ಇನ್ನು, ಎರಡು ವಾರಕ್ಕಿಂತ ಜಾಸ್ತಿ ಮಂಕು ಹಾಗೇ ಇದ್ದರೆ, ಯಾವುದರಲ್ಲೂ ಆಸಕ್ತಿ ಇಲ್ಲದಿದ್ದರೆ, ಬೆಳಕೊಂದನ್ನೇ ನಂಬಿ ಕೂರಬೇಡಿ. ಅಂಥ ಸ್ಥಿತಿಯಲ್ಲಿ ಹಾಸಿಗೆ ಬಿಟ್ಟು ಏಳುವುದೇ ಕಷ್ಟ, "ಸ್ವಲ್ಪ ಹೊರಗೆ ಓಡಾಡು" ಅನ್ನುವ ಮಾತು ಇನ್ನಷ್ಟು ನೋಯಿಸುತ್ತದೆ. ಆಗ ಮನೋವೈದ್ಯರ ಹತ್ತಿರ ಹೋಗಿ, ಒಬ್ಬರೇ ಹೋಗಲು ಆಗದಿದ್ದರೆ ಯಾರನ್ನಾದರೂ ಜೊತೆಗೆ ಕರೆದುಕೊಂಡು ಹೋಗಿ.